ಬೇರೆಯಾದ ಮೇಲೆ ಮಗು ಮತ್ತು ಆಸ್ತಿ: ಕೌಟುಂಬಿಕ ನ್ಯಾಯಾಲಯದ ದಾರಿ, ಹಂತ ಹಂತವಾಗಿ

ಗಂಡ ಹೆಂಡತಿ ಬೇರೆಯಾಗುವುದು ಖಚಿತವಾದ ಮೇಲೆ ಉಳಿಯುವ ದೊಡ್ಡ ಪ್ರಶ್ನೆಗಳು ಎರಡೇ. ಮಗು ಯಾರ ಹತ್ತಿರ ಇರಬೇಕು? ಮನೆ, ಒಡವೆ, ಸಾಲ ಯಾರ ಪಾಲಿಗೆ? ಎರಡೂ ಒಂದೇ ಕೋರ್ಟಿಗೆ ಬರುತ್ತವೆ, ಒಬ್ಬರೇ ವಕೀಲರ ಕೈಯಲ್ಲಿರುತ್ತವೆ, ಒಂದೇ ದಿನ ಮಾತುಕತೆಗೂ ಕೂರುತ್ತವೆ. ಹಾಗಾಗಿ ಜನ ಎರಡನ್ನೂ ಒಂದೇ ಗಂಟು ಕಟ್ಟಿಬಿಡುತ್ತಾರೆ. "ಫ್ಲಾಟ್ ನೀನೇ ಇಟ್ಕೋ, ಮಗೂನ ನನಗೆ ಕೊಟ್ಬಿಡು." ಮಾತುಕತೆಯ ಕೋಣೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ.

ದಯವಿಟ್ಟು ಈ ವ್ಯಾಪಾರಕ್ಕೆ ಇಳಿಯಬೇಡಿ. ಮಗುವಿನ ಮನಸ್ಸಿಗೆ ಕೆಟ್ಟದ್ದು ಎನ್ನುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಕಾನೂನಿನ ಕಾರಣವೂ ಒಂದಿದೆ. ಮಗುವಿನ ಕಸ್ಟಡಿ ಆದೇಶ, ಅಂದರೆ ಮಗು ಯಾರ ಹತ್ತಿರ ಇರಬೇಕು ಎಂಬ ಆದೇಶ, ಎಂದಿಗೂ ಅಂತಿಮವಲ್ಲ. ಪರಿಸ್ಥಿತಿ ಬದಲಾದರೆ, ಮಗು ಬೆಳೆದರೆ, ಅದನ್ನು ಬದಲಾಯಿಸಿ ಎಂದು ಮತ್ತೆ ಕೇಳಬಹುದು. 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆಸ್ತಿಯ ರಾಜಿ ಹಾಗಲ್ಲ. ಒಮ್ಮೆ ಡಿಕ್ರಿಯಾಗಿ (ಕೋರ್ಟಿನ ಅಂತಿಮ ಆದೇಶವಾಗಿ), ಪತ್ರ ನೋಂದಣಿಯಾದರೆ ಅದನ್ನು ಬಿಚ್ಚುವುದು ಬಹಳ ಕಷ್ಟ. ಮಗುವಿಗಾಗಿ ಫ್ಲಾಟ್ ಬಿಟ್ಟುಕೊಟ್ಟವರಿಗೆ ಎರಡು ವರ್ಷದ ನಂತರ ಮಗುವಿನ ಬಗ್ಗೆ ಹೊಸ ಅರ್ಜಿಯ ನೋಟಿಸ್ ಬರಬಹುದು. ಫ್ಲಾಟ್ ಮಾತ್ರ ವಾಪಸ್ ಬರುವುದಿಲ್ಲ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಫೈಲ್ ಇಡಿ, ಬೇರೆ ಬೇರೆಯಾಗಿ ಯೋಚಿಸಿ, ಬೇರೆ ಬೇರೆಯಾಗಿ ಬರೆಯಿಸಿ. ಮುಂದಿನದೆಲ್ಲಾ ಈ ಒಂದು ಮಾತಿನ ಮೇಲೆ ನಿಂತಿದೆ.

ಇಲ್ಲಿ ಹೇಳುವುದು ಕರ್ನಾಟಕದಲ್ಲಿ ಕೇಸು ನಡೆಸುವವರಿಗೆ, ಹೆಚ್ಚಾಗಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ. ಬೇರೆ ಧರ್ಮದವರಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಲ್ಲಿ ಹೇಳುತ್ತೇನೆ.

ಮೊದಲು ಕಾಗದ, ಆಮೇಲೆ ಕೋರ್ಟು

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮೊದಲ ಕೆಲಸ ಸುರಕ್ಷಿತ ಜಾಗಕ್ಕೆ ಹೋಗುವುದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಉಳಿದದ್ದೆಲ್ಲಾ ಆಮೇಲೆ.

ಅಂಥ ಅಪಾಯ ಇಲ್ಲದಿದ್ದರೆ, ವಕೀಲರನ್ನು ನೋಡುವ ಮೊದಲೇ ದಾಖಲೆ ಜೋಡಿಸಿಕೊಳ್ಳಿ. ಬೇರೆಯಾದ ಮೇಲೆ ಒಂದು ಜೆರಾಕ್ಸ್ ಪ್ರತಿಗೂ ಎದುರಿನವರ ಹತ್ತಿರ ಬೇಡಬೇಕಾಗುತ್ತದೆ. ಮಗುವಿನ ಫೈಲಿಗೆ ಬೇಕಾದವು: ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್, ಲಸಿಕೆ ಕಾರ್ಡ್, ಶಾಲೆಯ ಫೀಸ್ ರಸೀದಿ, ಅಂಕಪಟ್ಟಿ, ಡಾಕ್ಟರ ಚೀಟಿಗಳು. ಆಸ್ತಿಯ ಫೈಲಿಗೆ: ಕ್ರಯಪತ್ರ, ಖಾತಾ, ಇ.ಸಿ. (ಋಣಭಾರ ಪ್ರಮಾಣಪತ್ರ), ಜಮೀನಿದ್ದರೆ ಪಹಣಿ, ಮನೆ ಸಾಲದ ಮಂಜೂರಾತಿ ಪತ್ರ ಮತ್ತು ಇವತ್ತಿನ ಬಾಕಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಐ.ಟಿ. ರಿಟರ್ನ್, ಎಫ್.ಡಿ., ಮ್ಯೂಚುವಲ್ ಫಂಡ್, ಪಿ.ಎಫ್., ವಿಮೆ, ಲಾಕರ್ ವಿವರ. ಇ.ಸಿ.ಯನ್ನು ಕಾವೇರಿ ಪೋರ್ಟಲ್‌ನಲ್ಲಿ, ಪಹಣಿಯನ್ನು ಭೂಮಿ ಪೋರ್ಟಲ್‌ನಲ್ಲಿ ನೀವೇ ತೆಗೆಯಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಈ ದಿನಗಳಲ್ಲಿ ಮಾಡಬಾರದ ಮೂರು ಕೆಲಸ ಇವೆ. ಜಂಟಿ ಖಾತೆಯ ದುಡ್ಡನ್ನೆಲ್ಲಾ ಒಂದೇ ಸಲ ಎತ್ತಬೇಡಿ. ಮಗುವನ್ನು ಹೇಳದೆ ಕೇಳದೆ ಶಾಲೆ ಬಿಡಿಸಿ ಬೇರೆ ಊರಿಗೆ ಕರೆದೊಯ್ಯಬೇಡಿ. ನಿಮ್ಮ ಹೆಸರಿನ ಆಸ್ತಿಯನ್ನು ತಮ್ಮನ ಹೆಸರಿಗೋ ಅಪ್ಪನ ಹೆಸರಿಗೋ ಆತುರದಲ್ಲಿ ಬರೆದುಕೊಡಬೇಡಿ. ಈ ಮೂರೂ ಬ್ಯಾಂಕ್ ಸ್ಟೇಟ್‌ಮೆಂಟ್, ಶಾಲೆಯ ರಿಜಿಸ್ಟರ್, ಇ.ಸಿ.ಗಳಲ್ಲಿ ತಾರೀಖು ಸಮೇತ ಕಾಣುತ್ತವೆ. ಆಮೇಲೆ ನೀವು ಎಷ್ಟೇ ಒಳ್ಳೆಯ ಮಾತು ಹೇಳಿದರೂ ನ್ಯಾಯಾಧೀಶರ ಕಣ್ಣು ಮೊದಲು ಹೋಗುವುದು ಆ ತಾರೀಖಿನ ಮೇಲೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100.

ಯಾವ ಅರ್ಜಿ, ಯಾವ ಊರಿನಲ್ಲಿ?

ಕೌಟುಂಬಿಕ ನ್ಯಾಯಾಲಯ ಹುಟ್ಟಿದ್ದು 1984ರ ಕಾಯ್ದೆಯಿಂದ. ಅದರ 7ನೇ ಕಲಂ ಪ್ರಕಾರ ವಿಚ್ಛೇದನ, ಜೀವನಾಂಶ, ಮಗುವಿನ ಕಸ್ಟಡಿ, ಗಂಡ ಹೆಂಡತಿ ನಡುವಿನ ಆಸ್ತಿ ವ್ಯಾಜ್ಯ ಎಲ್ಲವೂ ಇಲ್ಲಿಗೇ ಬರುತ್ತವೆ. ಬೆಂಗಳೂರಿನಲ್ಲಿ ಇದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಸಿವಿಲ್ ನ್ಯಾಯಾಲಯವೇ ಈ ಕೇಸುಗಳನ್ನು ನೋಡುತ್ತದೆ.

ಊರಿನ ಪ್ರಶ್ನೆಯಲ್ಲಿ ಜನ ತುಂಬಾ ಎಡವುತ್ತಾರೆ. ವಿಚ್ಛೇದನದ ಅರ್ಜಿಯನ್ನು ಮದುವೆ ನಡೆದ ಊರಲ್ಲಿ, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರಲ್ಲಿ, ಇಲ್ಲವೇ ಎದುರುದಾರರು ಈಗಿರುವ ಊರಲ್ಲಿ ಹಾಕಬಹುದು. ಹೆಂಡತಿ ಅರ್ಜಿ ಹಾಕುವುದಾದರೆ ಅವಳು ಈಗಿರುವ ಊರಲ್ಲೂ ಹಾಕಬಹುದು. ಆದರೆ ಮಗುವಿನ ಕಸ್ಟಡಿಗೆಂದೇ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿದರೆ ಲೆಕ್ಕ ಬೇರೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲೇ ಹಾಕಬೇಕು. ಮದುವೆ ಹುಬ್ಬಳ್ಳಿಯಲ್ಲಿ, ಸಂಸಾರ ಬೆಂಗಳೂರಲ್ಲಿ, ಮಗು ಈಗ ಅಜ್ಜಿ ಜೊತೆ ಶಿವಮೊಗ್ಗದಲ್ಲಿ ಎಂದಿಟ್ಟುಕೊಳ್ಳಿ. ಮಗುವಿನ ಊರು ಯಾವುದು ಎನ್ನುವುದರ ಮೇಲೇ ವರ್ಷಗಟ್ಟಲೆ ವಾದ ನಡೆಯಬಹುದು. ವಿಚ್ಛೇದನದ ಕೇಸು ಈಗಾಗಲೇ ಇದ್ದರೆ, ಅದರೊಳಗೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಮಗುವಿನ ಅರ್ಜಿ ಹಾಕುವುದು ಬಹಳಷ್ಟು ಸಲ ಸುಲಭದ ದಾರಿ.

ಫೈಲಿಂಗ್ ಆದ ಮೇಲೆ ಕೇಸಿಗೆ ಒಂದು ಸಂಖ್ಯೆ ಬೀಳುತ್ತದೆ. ವಿಚ್ಛೇದನಕ್ಕೆ ಎಂ.ಸಿ., ಮಗುವಿನ ಪ್ರತ್ಯೇಕ ಅರ್ಜಿಗೆ ಜಿ ಅಂಡ್ ಡಬ್ಲ್ಯೂ.ಸಿ., ಆಸ್ತಿಯ ದಾವೆಗೆ ಓ.ಎಸ್. ಜೊತೆಗೆ ಸಿ.ಎನ್.ಆರ್. ಎಂಬ, ಕೇಸಿನ ಗುರುತಿನ ಸಂಖ್ಯೆಯೂ ಸಿಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ವಾಯಿದೆ, ಹಿಂದಿನ ಆದೇಶ ಎಲ್ಲಾ ನಿಮಗೇ ಕಾಣುತ್ತದೆ. ಪ್ರತಿ ಡೇಟಿಗೂ ವಕೀಲರ ಗುಮಾಸ್ತರಿಗೆ ಫೋನ್ ಮಾಡುತ್ತಾ ಕೂರುವ ಅಗತ್ಯ ಇಲ್ಲ.

ಮಧ್ಯಂತರ ಆದೇಶವೇ ಅರ್ಧ ಕೇಸು

ಅಂತಿಮ ತೀರ್ಪಿಗೆ ವರ್ಷಗಳು ಹಿಡಿಯುತ್ತವೆ. ಮಗು ಮಾತ್ರ ಅಷ್ಟು ದಿನ ಬೆಳೆಯದೆ ಕಾಯುವುದಿಲ್ಲ ಅಲ್ವಾ? ಎಲ್‌ಕೆಜಿಯಲ್ಲಿದ್ದ ಮಗು ತೀರ್ಪು ಬರುವಾಗ ನಾಲ್ಕನೇ ಕ್ಲಾಸಿನಲ್ಲಿರಬಹುದು. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿಗಳನ್ನೂ ಹಾಕಿ. ಕೋರ್ಟಿನಲ್ಲಿ ಇವಕ್ಕೆ ಐ.ಎ. ಎನ್ನುತ್ತಾರೆ.

ಮಗುವಿನ ಭೇಟಿ ಅಥವಾ ತಾತ್ಕಾಲಿಕ ಕಸ್ಟಡಿಗೆ ಒಂದು. ಜೀವನಾಂಶಕ್ಕೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಇನ್ನೊಂದು. ಎದುರಿನವರು ಆಸ್ತಿ ಮಾರುವ ಭಯವಿದ್ದರೆ ತಡೆಯಾಜ್ಞೆಗೆ ಮತ್ತೊಂದು. ಮಗುವಿನ ಖರ್ಚು ಮತ್ತು ಜೀವನಾಂಶದ ಮಧ್ಯಂತರ ಅರ್ಜಿಗಳನ್ನು ನೋಟಿಸ್ ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ನಿಜ ಜೀವನದಲ್ಲಿ ಇದು ಜಾರುತ್ತದೆ. ಆದರೂ ಆ 60 ದಿನದ ಮಾತನ್ನು ಅರ್ಜಿಯಲ್ಲಿ ಬರೆಯಿಸಿ, ವಾದದಲ್ಲೂ ನೆನಪಿಸಿ.

ಜೀವನಾಂಶಕ್ಕೆ ಬೇರೆ ದಾರಿಗಳೂ ಇವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಯಾವ ಧರ್ಮದವರಾದರೂ ಅದರಡಿ ಕೇಳಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿಯೂ ಖರ್ಚು, ವಾಸದ ಹಕ್ಕು, ಮಗುವಿನ ತಾತ್ಕಾಲಿಕ ಕಸ್ಟಡಿ ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಹೆಂಡತಿ ಸಂಸಾರ ಮಾಡಿದ ಮನೆಯಾಗಿದ್ದರೆ ವಾಸದ ಹಕ್ಕು ಕೇಳಬಹುದು ಎಂದು 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದೆ. ನೆನಪಿಡಿ, ಇದು ವಾಸದ ಹಕ್ಕು. ಒಡೆತನದ ಹಕ್ಕಲ್ಲ. ಇನ್ನೊಂದು ವಿಷಯ: ಒಂದು ಕಡೆ ಸಿಕ್ಕ ಹಣವನ್ನು ಇನ್ನೊಂದು ಕಡೆ ಮುಚ್ಚಿಡುವಂತಿಲ್ಲ. ಹೇಳಲೇಬೇಕು.

2020ರ ನವೆಂಬರ್‌ನಲ್ಲಿ ಬಂದ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪೂರ್ತಿ ವಿವರವನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸಲ್ಲಿಸಬೇಕು. ಇದು ಉದ್ದದ ಫಾರಂ. ಬೇಸರವಾಗುತ್ತದೆ. ಆದರೆ ಕೇಸಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ನಿಮ್ಮದನ್ನು ಪ್ರಾಮಾಣಿಕವಾಗಿ ತುಂಬಿ. ಎದುರಿನವರದ್ದು ಬಂದಾಗ ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿ. ಪ್ರತಿ ತಿಂಗಳು ಒಂದು ಮೊತ್ತ ಎಸ್.ಐ.ಪಿ.ಗೆ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ಹೋಗುತ್ತಿದೆ, ಫಾರಂನಲ್ಲಿ ಮ್ಯೂಚುವಲ್ ಫಂಡ್ "ಇಲ್ಲ" ಎಂದಿದೆ. ಇಂಥ ಒಂದು ಸಾಲು ಹತ್ತು ಪುಟದ ಆರೋಪಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಮಗುವಿನ ವಿಷಯದಲ್ಲಿ ನ್ಯಾಯಾಧೀಶರು ಏನು ನೋಡುತ್ತಾರೆ?

ಮಗುವಿನ ಹಿತವನ್ನು. ತಂದೆಯ ಹಕ್ಕು, ತಾಯಿಯ ಹಕ್ಕು ಎರಡೂ ಅದರ ನಂತರ. 1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. "ಸಾಮಾನ್ಯವಾಗಿ" ಎಂದಷ್ಟೇ ಇದೆ. ತಾಯಿಯ ಬಳಿ ಮಗುವಿಗೆ ಅಪಾಯವಿದ್ದರೆ ಕೋರ್ಟ್ ಬೇರೆ ಯೋಚಿಸುತ್ತದೆ. ಹಾಗೆಯೇ ಐದು ತುಂಬಿದ ದಿನ ಮಗು ತಾನಾಗಿ ತಂದೆಯ ಕಡೆಗೆ ಹೋಗುವುದೂ ಇಲ್ಲ. ಎರಡೂ ಕಡೆ ಈ ತಪ್ಪು ನಂಬಿಕೆ ಬಹಳ ಇದೆ. ಹನಫಿ ಮುಸ್ಲಿಂ ಕಾನೂನಿನಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಆರೈಕೆಯಲ್ಲಿ ಎಂಬ ನಿಯಮವಿದೆ. ಅಲ್ಲೂ ಕೋರ್ಟ್ ಕೊನೆಗೆ ಅಳೆಯುವುದು ಹಿತವನ್ನೇ.

ಹಿತ ಎಂದರೆ ದೊಡ್ಡ ಮನೆ, ಎ.ಸಿ. ಕೋಣೆ ಅಲ್ಲ. ಬೆಳಗ್ಗೆ ಮಗುವಿಗೆ ಯಾರು ಟಿಫಿನ್ ಕಟ್ಟುತ್ತಿದ್ದರು? ಪೋಷಕರ ಸಭೆಗೆ ಯಾರು ಹೋಗುತ್ತಿದ್ದರು? ಜ್ವರ ಬಂದಾಗ ರಜೆ ಹಾಕಿದ್ದು ಯಾರು? ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು? ಶಾಲೆಯ ಡೈರಿಯ ಸಹಿ, ಡಾಕ್ಟರ ಚೀಟಿ, ವ್ಯಾನ್ ಡ್ರೈವರ್ ಜೊತೆಗಿನ ಮೆಸೇಜು ಇವೇ ಸಾಕ್ಷಿ. ಸಂಬಳ ಕಡಿಮೆ ಎನ್ನುವ ಒಂದೇ ಕಾರಣಕ್ಕೆ ಕಸ್ಟಡಿ ತಪ್ಪುವುದಿಲ್ಲ. ದುಡ್ಡಿನ ಕೊರತೆಯನ್ನು ಇನ್ನೊಬ್ಬರ ಜೀವನಾಂಶ ತುಂಬಬಹುದು.

ಇನ್ನೊಂದನ್ನೂ ಕೋರ್ಟ್ ಗಮನಿಸುತ್ತದೆ: ಮಗು ಮತ್ತೊಬ್ಬ ಪೋಷಕರ ಜೊತೆ ಸಂಬಂಧ ಇಟ್ಟುಕೊಳ್ಳಲು ನೀವು ಬಿಡುತ್ತೀರಾ? "ಅಪ್ಪ ಕೆಟ್ಟವನು", "ಅಮ್ಮ ನಿನ್ನ ಬಿಟ್ಟುಹೋದಳು" ಎಂದು ಮಗುವಿಗೆ ಹೇಳಿಕೊಟ್ಟಿದ್ದರೆ, ಕೋರ್ಟಿನ ಕೌನ್ಸೆಲರ್ ಹತ್ತು ನಿಮಿಷ ಮಾತಾಡಿದರೆ ಗೊತ್ತಾಗುತ್ತದೆ. ಏಳು ವರ್ಷದ ಮಗು ವಕೀಲರ ಭಾಷೆ ಆಡುವುದಿಲ್ಲ. ಅರ್ಥ ಮಾಡಿಕೊಂಡು ಹೇಳುವ ವಯಸ್ಸಿನ ಮಗುವಿನ ಇಷ್ಟವನ್ನು ಕೋರ್ಟ್ ಕೇಳುತ್ತದೆ. ಸಾಮಾನ್ಯವಾಗಿ ನ್ಯಾಯಾಧೀಶರ ಚೇಂಬರಿನಲ್ಲಿ, ಮಗುವೊಂದನ್ನೇ ಕೂರಿಸಿಕೊಂಡು. ಹಿಂದಿನ ರಾತ್ರಿ ಪಾಠ ಒಪ್ಪಿಸುವಂತೆ ತಯಾರಿ ಮಾಡಿಸಬೇಡಿ. "ನಿಜ ಹೇಳು, ಯಾರೂ ಬೈಯಲ್ಲ" ಎಂದಷ್ಟೇ ಹೇಳಿ ಕಳಿಸಿ.

ವೇಳಾಪಟ್ಟಿ ಬರೆಯುವಾಗ ಕ್ಯಾಲೆಂಡರ್ ಎದುರಿಗಿರಲಿ

"ತಂದೆಗೆ ಸೂಕ್ತ ಭೇಟಿ ಹಕ್ಕು ಇರುತ್ತದೆ" ಎಂಬ ಸಾಲಿಗೆ ದಯವಿಟ್ಟು ಸಹಿ ಹಾಕಬೇಡಿ. ಸೂಕ್ತ ಎಂದರೆ ಎಷ್ಟು? ಆ ಒಂದು ಪದ ಮುಂದಿನ ಐದು ವರ್ಷದ ಜಗಳ. ಒಳ್ಳೆಯ ಕಲಂ ಹೇಗಿರುತ್ತದೆ ನೋಡಿ:

"ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಬೆಳಗ್ಗೆ 10 ಗಂಟೆಗೆ ತಂದೆಯು ತಾಯಿಯ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಮಗುವನ್ನು ಕರೆದುಕೊಂಡು, ಭಾನುವಾರ ಸಂಜೆ 6 ಗಂಟೆಗೆ ಅಲ್ಲೇ ವಾಪಸ್ ಬಿಡತಕ್ಕದ್ದು. ಆ ಶನಿವಾರ ಶಾಲೆ ಇದ್ದರೆ ಶಾಲೆ ಬಿಡುವ ಹೊತ್ತಿಗೆ ಶಾಲೆಯಿಂದ ಕರೆದುಕೊಳ್ಳತಕ್ಕದ್ದು. ಮಗುವಿಗೆ ಹುಷಾರಿಲ್ಲದಿದ್ದರೆ ಹಿಂದಿನ ಸಂಜೆಯೊಳಗೆ ತಿಳಿಸಿ, ತಪ್ಪಿದ ಭೇಟಿಯನ್ನು ಮುಂದಿನ ವಾರ ಕೊಡತಕ್ಕದ್ದು."

ದಿನ, ಗಂಟೆ, ಜಾಗ, ಅಡ್ಡಿ ಬಂದರೆ ಏನು ಎಂಬ ನಾಲ್ಕೂ ಇದರಲ್ಲಿವೆ. ಹೀಗೇ ದಸರಾ ರಜೆ, ಏಪ್ರಿಲ್-ಮೇ ಬೇಸಿಗೆ ರಜೆ ಎರಡನ್ನೂ ಹಂಚಿ. ಹಬ್ಬಗಳನ್ನು ವರ್ಷ ಬಿಟ್ಟು ವರ್ಷ ಇಡಿ: ಈ ವರ್ಷ ಯುಗಾದಿ ಅಮ್ಮನ ಮನೆ, ದೀಪಾವಳಿ ಅಪ್ಪನ ಮನೆ, ಮುಂದಿನ ವರ್ಷ ತಿರುವು ಮುರುವು. ಹುಟ್ಟುಹಬ್ಬಕ್ಕೆ ಇಬ್ಬರಿಗೂ ಸ್ವಲ್ಪ ಹೊತ್ತು. ವಿಡಿಯೋ ಕರೆಗೆ ನಿಗದಿತ ಸಮಯ. 2020ರ ಯಶಿತಾ ಸಾಹು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಸ್ಟಡಿ ಸಿಗದ ಪೋಷಕರಿಗೆ ದಿನಾ 5-10 ನಿಮಿಷ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕು ಎಂದಿದೆ. ಈ ತೀರ್ಪು ನಿಮ್ಮ ವಕೀಲರಿಗೆ ಗೊತ್ತಿರುತ್ತದೆ, ಕೇಳಿ.

ಅಜ್ಜ ಅಜ್ಜಿಯರನ್ನು ಮರೆಯಬೇಡಿ. ನಮ್ಮ ಮನೆಗಳಲ್ಲಿ ಎಷ್ಟೋ ಮಕ್ಕಳನ್ನು ನಿಜಕ್ಕೂ ಬೆಳೆಸಿದವರು ಅವರೇ. ಒಂದು ಸಾಲು ಅವರಿಗೂ ಇರಲಿ. ಜೊತೆಗೆ ಜನ ಬಿಟ್ಟುಬಿಡುವ ಸಂಗತಿಗಳು: ಶಾಲೆ ಬದಲಾಯಿಸಲು, ಟಿ.ಸಿ. ತೆಗೆಯಲು ಇಬ್ಬರ ಒಪ್ಪಿಗೆ ಬೇಕಾ? ಮಗುವಿನ ಪಾಸ್‌ಪೋರ್ಟ್ ಯಾರ ಕೈಯಲ್ಲಿ? ವಿದೇಶ ಪ್ರವಾಸಕ್ಕೆ ಎಷ್ಟು ದಿನ ಮೊದಲು ಹೇಳಬೇಕು? ಊರು ಬಿಟ್ಟು ಹೋಗುವುದಾದರೆ ಎಷ್ಟು ದಿನದ ನೋಟಿಸ್? ಆಪರೇಷನ್‌ಗೆ ಸಹಿ ಯಾರದ್ದು?

ತುಂಬಾ ಚಿಕ್ಕ ಮಗುವಾದರೆ ಮೊದಲು ಒಂದೆರಡು ಗಂಟೆಯ ಭೇಟಿ, ಆಮೇಲೆ ಇಡೀ ದಿನ, ಆಮೇಲೆ ರಾತ್ರಿ ತಂಗುವುದು ಹೀಗೆ ಏರುತ್ತಾ ಹೋಗುವ ಪಟ್ಟಿ ಒಳ್ಳೆಯದು. ಬಹಳ ದಿನ ನೋಡದ ತಂದೆಯ ಜೊತೆ ಎರಡು ದಿನ ಕಳಿಸಿದರೆ ಮಗು ಹೆದರುತ್ತದೆ. ತಂದೆಗೂ ನೋವಾಗುತ್ತದೆ.

ಆಸ್ತಿ: "ಅರ್ಧ ಪಾಲು" ಎಂಬ ನಂಬಿಕೆ ಬಿಡಿ

ಸಿನಿಮಾ, ಧಾರಾವಾಹಿ ನೋಡಿ ಬಂದವರು ಮೊದಲು ಕೇಳುವುದು "ನನ್ನ ಅರ್ಧ ಯಾವಾಗ ಸಿಗುತ್ತೆ?" ಎಂದು. ನಮ್ಮಲ್ಲಿ ಆ ಕಾನೂನು ಇಲ್ಲ. ಕೆಲವು ದೇಶಗಳಲ್ಲಿ ಮದುವೆಯ ಕಾಲದಲ್ಲಿ ಗಳಿಸಿದ್ದನ್ನು ಒಟ್ಟಿಗೆ ಸೇರಿಸಿ ಹಂಚುತ್ತಾರೆ. ಕರ್ನಾಟಕದಲ್ಲಿ ಯಾರ ಹೆಸರಿನಲ್ಲಿದೆಯೋ, ಯಾರು ದುಡ್ಡು ಹಾಕಿದರೋ ಅವರದ್ದು. ಇಪ್ಪತ್ತು ವರ್ಷ ಮನೆ ನಡೆಸಿದ ಗೃಹಿಣಿಗೆ ಗಂಡನ ಹೆಸರಿನ ಸೈಟಿನಲ್ಲಿ ನೇರ ಪಾಲು ಸಿಗುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಇವತ್ತಿನ ಕಾನೂನು ಅದೇ. ಅವಳಿಗಿರುವ ದಾರಿ ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಅಡಿಯ ಶಾಶ್ವತ ಜೀವನಾಂಶ. ಅದರ ಮೊತ್ತ ನಿಗದಿ ಮಾಡುವಾಗ ಗಂಡನ ಆಸ್ತಿ, ಆದಾಯವನ್ನು ಕೋರ್ಟ್ ನೋಡುತ್ತದೆ. ಅಂದರೆ ಆ ಸೈಟು ಪಾಲಾಗಿ ಬರದಿದ್ದರೂ ಲೆಕ್ಕದಲ್ಲಿ ಬರಬಹುದು. ಅರ್ಜಿಯಲ್ಲಿ ಆ ಸೈಟಿನ ವಿವರ ಇರಲೇಬೇಕು.

ಗಂಡನ ಪಿತ್ರಾರ್ಜಿತ ಜಮೀನಿನಲ್ಲೂ ವಿಚ್ಛೇದನದಿಂದ ಹೆಂಡತಿಗೆ ಪಾಲು ಹುಟ್ಟುವುದಿಲ್ಲ. ಆದರೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿನಿಂದಲೇ ಹಕ್ಕಿದೆ. ಕರ್ನಾಟಕ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು 1994ರಲ್ಲೇ ಕೊಟ್ಟಿತು. ದೇಶಕ್ಕೆಲ್ಲಾ ಅದು ಬಂದದ್ದು 2005ರಲ್ಲಿ. ಅಪ್ಪ ಅಮ್ಮ ತಮ್ಮೊಳಗೆ ರಾಜಿ ಮಾಡಿಕೊಳ್ಳುವ ಭರದಲ್ಲಿ "ಮಗುವಿಗೂ ಯಾವ ಹಕ್ಕೂ ಇರುವುದಿಲ್ಲ" ಎಂದು ಒಂದು ಸಾಲು ಸೇರಿಸುವುದುಂಟು. ಆ ಸಾಲನ್ನು ಹೊಡೆದು ಹಾಕಿಸಿ. ಮಗುವಿನದ್ದನ್ನು ಬಿಟ್ಟುಕೊಡಲು ಅದು ನಿಮ್ಮದಲ್ಲ. ಮಗುವಿನ ಹೆಸರಿನಲ್ಲೇ ಸ್ವಂತ ಸೈಟು, ಮನೆ ಇದ್ದರೆ ಅದನ್ನು ಮಾರಲು ತಂದೆ ತಾಯಿಗೂ ಕೋರ್ಟಿನ ಅನುಮತಿ ಬೇಕು.

ಹೆಂಡತಿಯ ಹೆಸರಿನಲ್ಲಿ ಗಂಡ ಕೊಂಡ ಆಸ್ತಿಯದ್ದು ಇನ್ನೊಂದು ಬಗೆ. ಲೆಕ್ಕವಿರುವ ತನ್ನ ದುಡ್ಡಿನಿಂದ ಹೆಂಡತಿ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿ ಆಗುವುದಿಲ್ಲ. ಹಾಗಾಗಿ "ದುಡ್ಡು ನನ್ನದು" ಎಂದು ಗಂಡ ವಾದಿಸಬಹುದು, "ಅದು ನನಗೆ ಕೊಟ್ಟದ್ದು" ಎಂದು ಹೆಂಡತಿ ಹೇಳಬಹುದು. ತೀರ್ಮಾನ ನಿಲ್ಲುವುದು ಬ್ಯಾಂಕ್ ದಾಖಲೆ ಮತ್ತು ಆಗಿನ ಉದ್ದೇಶದ ಮೇಲೆ.

ಸಾಲ ಇರುವ ಜಂಟಿ ಫ್ಲಾಟ್ ಬೆಂಗಳೂರಿನ ಕೇಸುಗಳಲ್ಲಿ ತೀರಾ ಸಾಮಾನ್ಯ. ಇಲ್ಲಿ ಲೆಕ್ಕ ಹೀಗೆ ಮಾಡಿ. ಉದಾಹರಣೆಗೆ ಇವತ್ತಿನ ಬೆಲೆ 80 ಲಕ್ಷ, ಸಾಲದ ಬಾಕಿ 50 ಲಕ್ಷ. ಹಂಚಲು ಇರುವುದು 30 ಲಕ್ಷ ಮಾತ್ರ, 80 ಅಲ್ಲ. ಮುಂಗಡ 15 ಲಕ್ಷ ಹೆಂಡತಿಯ ತವರಿನಿಂದ ಬಂದಿತ್ತು, ಕಂತು ಹೆಚ್ಚಾಗಿ ಗಂಡನ ಸಂಬಳದಿಂದ ಹೋಗಿದೆ ಎಂದಿಟ್ಟುಕೊಳ್ಳಿ. ಆಗ 30 ಲಕ್ಷವನ್ನು ಸುಮ್ನೆ ಅರ್ಧ ಮಾಡುವ ಬದಲು ಯಾರು ಎಷ್ಟು ಹಾಕಿದರು ಎಂಬ ಪಟ್ಟಿ ಹಿಡಿದು ಕೂರುವುದು ನ್ಯಾಯ. ಬೆಲೆಯ ಬಗ್ಗೆ ಜಗಳವಿದ್ದರೆ ಮಾನ್ಯತೆ ಇರುವ ಮೌಲ್ಯಮಾಪಕರಿಂದ ವರದಿ ತರಿಸಿ.

ಆಮೇಲೆ ದಾರಿ ಮೂರು: ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚುವುದು; ಒಬ್ಬರು ಇನ್ನೊಬ್ಬರ ಪಾಲು ಕೊಳ್ಳುವುದು; ಒಪ್ಪಿಗೆಯೇ ಆಗದಿದ್ದರೆ ವಿಭಾಗದ ದಾವೆ. ಎರಡನೆಯದರಲ್ಲಿ ಒಂದು ಗುಂಡಿ ಇದೆ. ನೀವಿಬ್ಬರೂ ಏನೇ ರಾಜಿ ಮಾಡಿಕೊಂಡರೂ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಸಾಲದ ಪತ್ರದಲ್ಲಿ ನಿಮ್ಮ ಸಹಿ ಇರುವವರೆಗೆ, ಎದುರಿನವರು ಕಂತು ತಪ್ಪಿಸಿದರೆ ಬ್ಯಾಂಕಿನವರು ನಿಮಗೂ ಫೋನ್ ಮಾಡುತ್ತಾರೆ, ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ದಿನವೇ ಸಾಲದಿಂದಲೂ ನಿಮ್ಮ ಹೆಸರು ತೆಗೆದ ಪತ್ರ ಬ್ಯಾಂಕಿನಿಂದ ಕೈಗೆ ಬರಬೇಕು. ಮೊದಲು ಸಹಿ, ಆಮೇಲೆ ಬ್ಯಾಂಕ್ ಕೆಲಸ ಎಂದರೆ ಒಪ್ಪಬೇಡಿ.

ಒಡವೆಯ ವಿಷಯ. ಮದುವೆಯಲ್ಲಿ, ಅದಕ್ಕೆ ಮೊದಲು, ಆಮೇಲೆ ಹೆಣ್ಣಿಗೆ ಉಡುಗೊರೆಯಾಗಿ ಬಂದದ್ದೆಲ್ಲಾ ಸ್ತ್ರೀಧನ. ತವರಿನವರು ಕೊಟ್ಟದ್ದೂ, ಅತ್ತೆ ಮನೆಯವರು ಹಾಕಿದ್ದೂ. ಅದು ಅವಳೊಬ್ಬಳದ್ದೇ. ಲಾಕರಿನಲ್ಲಿ ಅತ್ತೆ ಇಟ್ಟುಕೊಂಡಿದ್ದರೂ ಅವಳದ್ದೇ. ಇದನ್ನು 1985ರ ಪ್ರತಿಭಾ ರಾಣಿ ತೀರ್ಪು ಖಡಾಖಂಡಿತವಾಗಿ ಹೇಳಿದೆ. ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಮದುವೆ ಆಲ್ಬಂ ತೆಗೆದು, ಫೋಟೋದಲ್ಲಿ ಕಾಣುವ ಒಂದೊಂದು ಒಡವೆಗೂ ಸಂಖ್ಯೆ ಹಾಕಿ. ಎರಡೆಳೆ ಸರ, ಕಾಸಿನ ಸರ, ಡಾಬು, ಬಳೆ ಎಷ್ಟು ಜೊತೆ, ಅಂದಾಜು ಗ್ರಾಂ ಎಷ್ಟು, ಯಾರು ಕೊಟ್ಟದ್ದು, ಈಗ ಎಲ್ಲಿದೆ ಎಂದು ಬರೆಯಿರಿ. ಅಂಗಡಿ ಬಿಲ್ ಸಿಕ್ಕಿದರೆ ಜೋಡಿಸಿ. ಬಿಲ್ ಅಪ್ಪನ ಹೆಸರಿನಲ್ಲಿದ್ದರೂ ಪರವಾಗಿಲ್ಲ. ಅಪ್ಪ ಬಂದು ಸಾಕ್ಷಿ ಹೇಳಬಹುದು. ಇರದ ಒಡವೆಯನ್ನು ಮಾತ್ರ ಸೇರಿಸಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಪಟ್ಟಿಯ ಮೇಲೇ ಅನುಮಾನ ಬರುತ್ತದೆ.

ಮೀಡಿಯೇಷನ್ ಮತ್ತು ರಾಜಿ ಪತ್ರ

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನ ಮಾಡಲೇಬೇಕು. 1984ರ ಕಾಯ್ದೆಯ 9ನೇ ಕಲಂ ಹಾಗೆ ಹೇಳುತ್ತದೆ. ಬೆಂಗಳೂರಿನಲ್ಲಿ ಕೋರ್ಟಿನ ಮೀಡಿಯೇಷನ್ ಕೇಂದ್ರ 2007ರಿಂದ ನಡೆಯುತ್ತಿದೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ, ಕೇಸಿನಲ್ಲಿ ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ. ಆದ್ದರಿಂದ ಮನಸ್ಸು ಬಿಚ್ಚಿ ಮಾತಾಡಿ.

ಹೋಗುವಾಗ ಎರಡೂ ಫೈಲ್ ತೆಗೆದುಕೊಂಡು ಹೋಗಿ. "ಮೊದಲು ಮಗುವಿನ ಪಟ್ಟಿ ಮುಗಿಸೋಣ, ದುಡ್ಡಿನ ಮಾತು ಇನ್ನೊಂದು ದಿನ" ಎಂದು ಮಧ್ಯಸ್ಥರಿಗೆ ಹೇಳಿ. ಬಹುಪಾಲು ಮಧ್ಯಸ್ಥರು ಒಪ್ಪುತ್ತಾರೆ. ಮಗುವಿನ ವಿಷಯ ಮೊದಲು ತೀರ್ಮಾನವಾದರೆ ಅದನ್ನು ಹಿಡಿದು ಎಳೆದಾಡುವ ಅವಕಾಶವೇ ಇರುವುದಿಲ್ಲ. ಮನೆಯವರನ್ನು ಆ ಕೋಣೆಯಿಂದ ದೂರ ಇಡುವುದೂ ಒಳ್ಳೆಯದು. ಅವರ ಪ್ರೀತಿ ದೊಡ್ಡದು, ಆದರೆ ಇಬ್ಬರು ಒಪ್ಪಿದ ಮಾತು ಹೊರಗೆ ಬೆಂಚಿನ ಮೇಲೆ ಮುರಿದು ಬೀಳುವುದು ಬಹಳ ಸಲ ಅವರಿಂದಲೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಎಲ್ಲವೂ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ಬಿಟ್ಟುಕೊಡಿ ಎಂದು ಕೇಳಬಹುದು, 2017ರ ಅಮರ್‌ದೀಪ್ ಸಿಂಗ್ ತೀರ್ಪು ಅದಕ್ಕೆ ದಾರಿ ಮಾಡಿದೆ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ಹಾಗಾಗಿ ಹಣವನ್ನು ಒಂದೇ ಸಲ ಕೊಡಬೇಡಿ, ಪಡೆಯುವವರು ಪೂರ್ತಿ ಕೊನೆಗೇ ಸಿಗಲಿ ಎಂದೂ ಬಿಡಬೇಡಿ. ಒಂದು ಭಾಗ ಮೊದಲ ದಿನ, ಉಳಿದದ್ದು ಕೊನೆಯ ದಿನ ನ್ಯಾಯಾಧೀಶರ ಎದುರು ಡಿ.ಡಿ. ಮೂಲಕ. ಡಿ.ಡಿ. ನಂಬರ್ ಆದೇಶದಲ್ಲೇ ಬರಲಿ.

ಫ್ಲಾಟ್, ಸೈಟು ಬದಲಾಗುವುದಿದ್ದರೆ ರಾಜಿ ಪತ್ರದ ಸಾಲು ಸಾಕಾಗುವುದಿಲ್ಲ ಎಂದೇ ತಿಳಿಯಿರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪ್ರತ್ಯೇಕ ಬಿಡುಗಡೆ ಪತ್ರ ಅಥವಾ ದಾನಪತ್ರ ನೋಂದಣಿ ಮಾಡಿಸುವುದು ಭದ್ರ. ಅದನ್ನು ವಿಚ್ಛೇದನದ ಡಿಕ್ರಿಗೆ ಮೊದಲೇ ಮಾಡಿಸುವುದು ಸಾಮಾನ್ಯವಾಗಿ ಲಾಭ. ಗಂಡ ಹೆಂಡತಿ ನಡುವಿನ ವರ್ಗಾವಣೆಗೆ ಮುದ್ರಾಂಕ ಶುಲ್ಕ, ಆದಾಯ ತೆರಿಗೆ ಎರಡರಲ್ಲೂ ಅನುಕೂಲವಿದೆ. ಡಿಕ್ರಿ ಆದ ಮೇಲೆ ನೀವು ಕಾನೂನಿನ ಕಣ್ಣಿಗೆ ಗಂಡ ಹೆಂಡತಿ ಅಲ್ಲ. ಸಹಿಗೆ ಮೊದಲು ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ.

ಮಗುವಿನ ಖರ್ಚು ಬರೆಯುವಾಗ ಒಂದೇ ಮೊತ್ತ ಬರೆದು ನಿಲ್ಲಿಸಬೇಡಿ. ವರ್ಷಕ್ಕೆ ಶೇಕಡಾ ಎಷ್ಟು ಏರಬೇಕು, ಶಾಲಾ ಫೀಸು ಯಾರು ಕಟ್ಟಬೇಕು, ಆಸ್ಪತ್ರೆ ಖರ್ಚು ಹೇಗೆ, ಪಿಯುಸಿ ನಂತರದ ಓದಿಗೆ ಏನು ಎಂದು ಬರೆಯಿರಿ. ತಾಯಿ "ನನಗೇನೂ ಬೇಡ" ಎಂದು ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ.

ರಾಜಿ ಆಗದಿದ್ದರೆ

ಆಗ ವಿಚಾರಣೆ. ನಿಮ್ಮ ಮುಖ್ಯ ಹೇಳಿಕೆ ಪ್ರಮಾಣಪತ್ರದ ರೂಪದಲ್ಲಿ ಹೋಗುತ್ತದೆ, ದಾಖಲೆಗಳಿಗೆ ನಿಶಾನೆ ಹಾಕುತ್ತಾರೆ, ಆಮೇಲೆ ಪಾಟೀ ಸವಾಲು. ಪಾಟೀ ಸವಾಲಿಗೆ ಎಲ್ಲರೂ ಹೆದರುತ್ತಾರೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ನೆನಪಿಲ್ಲದಿದ್ದರೆ ನೆನಪಿಲ್ಲ ಎಂದರೆ ಸಾಕು. ಸಿಟ್ಟು ಬರಿಸುವುದೇ ಎದುರಿನ ವಕೀಲರ ಕೆಲಸ ಎಂದು ಮೊದಲೇ ತಿಳಿದಿದ್ದರೆ ಸಿಟ್ಟು ಕಡಿಮೆ ಬರುತ್ತದೆ.

ಕೌಟುಂಬಿಕ ನ್ಯಾಯಾಲಯಕ್ಕೆ ಸಾಕ್ಷ್ಯದ ವಿಷಯದಲ್ಲಿ ಸ್ವಾತಂತ್ರ್ಯ ಜಾಸ್ತಿ. ಆದರೂ ವಾಟ್ಸ್ಆ್ಯಪ್, ಆಡಿಯೋ ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ (ಡಿಜಿಟಲ್ ದಾಖಲೆಯ ಸರ್ಟಿಫಿಕೇಟ್) ಜೊತೆಗಿರಲಿ, ಮೂಲ ಫೋನನ್ನು ಮಾರಬೇಡಿ. ಗಂಡ ಹೆಂಡತಿ ಮಾತಿನ ಗುಟ್ಟು ರೆಕಾರ್ಡಿಂಗನ್ನೂ ವೈವಾಹಿಕ ಕೇಸಿನಲ್ಲಿ ಸಾಕ್ಷಿಯಾಗಿ ಪರಿಗಣಿಸಬಹುದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಗುವನ್ನು ಕೂರಿಸಿ "ಅಪ್ಪ ಏನು ಮಾಡಿದ ಹೇಳು" ಎಂದು ವಿಡಿಯೋ ಮಾಡಬೇಡಿ. ಅದು ಮಗುವಿಗೆ ಹಿಂಸೆ, ನಿಮ್ಮ ಕೇಸಿಗೂ ಹೊಡೆತ.

ವಿದೇಶದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಮೆರಿಕದಿಂದ ಮಗುವನ್ನು ಕರೆದುಕೊಂಡು ಮೈಸೂರಿಗೆ ಬಂದರೆ ಅಲ್ಲಿನ ಕೋರ್ಟಿನ ಆದೇಶ ಇಲ್ಲಿ ತಾನಾಗಿ ಜಾರಿಯಾಗುವುದಿಲ್ಲ. 2017ರ ನಿತ್ಯಾ ಆನಂದ್ ರಾಘವನ್ ತೀರ್ಪಿನಂತೆ ಅದು ಗಮನಿಸಬೇಕಾದ ಅಂಶಗಳಲ್ಲಿ ಒಂದು, ಅಷ್ಟೇ. ಮಗುವಿನ ಹಿತವನ್ನು ಇಲ್ಲಿನ ಕೋರ್ಟ್ ಹೊಸದಾಗಿ ನೋಡುತ್ತದೆ. ಹಾಗೆ ಬಂದವರ ಮೇಲೆ ಆ ದೇಶದಲ್ಲಿ ಕ್ರಿಮಿನಲ್ ಕೇಸು ಬೀಳಬಹುದು ಎನ್ನುವುದನ್ನೂ ಮರೆಯಬೇಡಿ. ಆಸ್ತಿಯ ವಿಷಯದಲ್ಲಿ, ಕರ್ನಾಟಕದಲ್ಲಿರುವ ಮನೆ, ಜಮೀನಿನ ಹಕ್ಕನ್ನು ತೀರ್ಮಾನಿಸುವುದು ಇಲ್ಲಿನ ಕೋರ್ಟೇ.

ತೀರ್ಪು ಬಂದ ಮೇಲೆ

ತೀರ್ಪು ಒಪ್ಪಿಗೆಯಾಗದಿದ್ದರೆ ಹೈ ಕೋರ್ಟಿಗೆ ಮೇಲ್ಮನವಿ. ಕೌಟುಂಬಿಕ ನ್ಯಾಯಾಲಯದ ಕಾಯ್ದೆಯಲ್ಲಿ ಇದಕ್ಕೆ 30 ದಿನ. ಇಬ್ಬರ ಒಪ್ಪಿಗೆಯಿಂದ ಆದ ಡಿಕ್ರಿಗೆ ಮೇಲ್ಮನವಿ ಇಲ್ಲ. ಸಹಿಗೆ ಮೊದಲು ಕನ್ನಡದಲ್ಲಿ ಓದಿಸಿ ಕೇಳಿ ಎಂದು ಒತ್ತಿ ಹೇಳುವುದು ಇದಕ್ಕೇ.

ಎದುರಿನವರು ಆದೇಶ ಪಾಲಿಸದಿದ್ದರೆ ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕು. ಜೀವನಾಂಶ ಬಾಕಿಗೆ ಸಂಬಳ, ಆಸ್ತಿ ಜಪ್ತಿಗೆ ಕೇಳಬಹುದು. ಭೇಟಿ ತಪ್ಪಿಸುತ್ತಿದ್ದರೆ ಗೇಟಿನ ಬಳಿ ಗಲಾಟೆ ಮಾಡಬೇಡಿ. "ಇವತ್ತು 10 ಗಂಟೆಗೆ ಬಂದಿದ್ದೇನೆ, ಅರ್ಧ ಗಂಟೆ ಕಾಯುತ್ತೇನೆ" ಎಂದು ಒಂದು ಮೆಸೇಜ್ ಹಾಕಿ, ಕಾದು, ವಾಪಸ್ ಬನ್ನಿ. ಅಂಥ ನಾಲ್ಕು ಮೆಸೇಜು ಕೈಯಲ್ಲಿದ್ದರೆ ಅರ್ಜಿಗೆ ಬಲ. ಜೀವನಾಂಶ ಬಂದಿಲ್ಲ ಎಂದು ಭೇಟಿ ನಿಲ್ಲಿಸಬೇಡಿ, ಭೇಟಿ ಸಿಕ್ಕಿಲ್ಲ ಎಂದು ಜೀವನಾಂಶವನ್ನೂ ನಿಲ್ಲಿಸಬೇಡಿ. ಎರಡಕ್ಕೂ ಬೇರೆ ಬೇರೆ ಅರ್ಜಿ ಇದೆ.

ವರ್ಗಾವಣೆಯಾಯಿತು, ಮಗು ಹೈಸ್ಕೂಲಿಗೆ ಬಂತು, ಒಬ್ಬರು ಮರುಮದುವೆಯಾದರು. ಆಗ ವೇಳಾಪಟ್ಟಿ ಬದಲಿಸಲು ಅರ್ಜಿ ಹಾಕಬಹುದು. ಇಬ್ಬರೂ ಒಪ್ಪಿದರೆ ಜಂಟಿ ಮೆಮೊ ಹಾಕಿದರೂ ನಡೆಯುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಓಡಾಟದ ಕೆಲಸ. ಡಿಕ್ರಿಯ ದೃಢೀಕೃತ ಪ್ರತಿ ಎರಡು ಮೂರು ತೆಗೆದಿಡಿ. ಖಾತಾ ಬದಲಾವಣೆಗೆ, ಜಮೀನಾದರೆ ಮ್ಯುಟೇಷನ್‌ಗೆ ಅರ್ಜಿ ಕೊಡಿ. ಶಾಲೆಗೆ ಆದೇಶದ ಪ್ರತಿ ಕೊಟ್ಟು, ಮಗುವನ್ನು ಯಾರು ಯಾವ ದಿನ ಕರೆದೊಯ್ಯಬಹುದು ಎಂದು ಬರೆದುಕೊಡಿ. ಪಿ.ಎಫ್., ವಿಮೆ, ಬ್ಯಾಂಕ್ ಖಾತೆ, ಡಿಮ್ಯಾಟ್ ಎಲ್ಲದರಲ್ಲೂ ನಾಮಿನಿ ಹೆಸರು ನೋಡಿ. ಹಳೆಯ ಸಂಗಾತಿಯ ಹೆಸರೇ ಉಳಿದಿರುವುದು ತುಂಬಾ ಸಾಮಾನ್ಯ. ಅದನ್ನು ಬದಲಿಸಿ, ಒಂದು ಉಯಿಲನ್ನೂ ಬರೆಯಿರಿ. ಅದರಲ್ಲಿ ಮಗುವಿನ ಪಾಲಿನ ಹಣವನ್ನು ಹದಿನೆಂಟು ತುಂಬುವವರೆಗೆ ಯಾರು ನೋಡಿಕೊಳ್ಳಬೇಕು ಎಂದು ಹೆಸರು ಹಾಕಿ ಬರೆಯಿರಿ.